ಅಪ್ಪಯ್ಯನ ಟಾರ್ಚು ಮತ್ತು ಕಾಣೆಯಾದ ಅರ್ಧ ವೋಲ್ಟು

ಮೇ 11

ನಮ್ಮ ಕಡೆ ತೋಟದ ಪಂಪಿಗೆ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ. ಹಾಗಾಗಿ ಅಪ್ಪಯ್ಯನಿಗೆ ಟಾರ್ಚು ಅಂದರೆ ಕೈಯ ಇನ್ನೊಂದು ಬೆರಳು. ಮೂರು ವರ್ಷದ ಹಿಂದೆ ನಾನೇ ತಂದುಕೊಟ್ಟ ಅಲ್ಯೂಮಿನಿಯಂ ಟಾರ್ಚು ಅದು, ಒಳಗೆ ಒಂದೇ 18650 ಸೆಲ್ಲು (ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ಲು). ಈಗ ಅದರ ಮೇಲೆ ದೂರು: "ಹತ್ತು ನಿಮಿಷ ಹಗಲು ಮಾಡ್ತದೆ, ಆಮೇಲೆ ಬುಡ್ಡಿ ದೀಪ." ನಾನು ಸುಮ್ನೆ ಬ್ಯಾಟರಿ ಹಳತಾಗಿದೆ ಅಂದುಕೊಂಡು ಹೊಸ ಸೆಲ್ ಹಾಕಿದೆ. ಹತ್ತು ನಿಮಿಷ ಹೋಗಿ ಹದಿನೈದು ನಿಮಿಷ ಆಯಿತು, ಅಷ್ಟೇ.

ಹೊಸ ಟಾರ್ಚು ತಂದರೆ ಮುಗಿಯುತ್ತಿತ್ತು. ಆದರೆ ಸೆಲ್ ಸರಿ ಇದ್ದು, ಎಲ್‌ಇಡಿ ಸರಿ ಇದ್ದು, ಬೆಳಕು ಮಾತ್ರ ಸೋರಿಹೋಗುತ್ತಿದೆ ಅಂದರೆ ನಿದ್ದೆ ಬರುವುದಿಲ್ಲ ನನಗೆ. ಬಿಚ್ಚುತ್ತೇನೆ. ಆಗಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೇ 14

ಬಿಚ್ಚಿದೆ. ತಲೆಯೊಳಗೆ ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಬೋರ್ಡು, ಅದರ ಮೇಲೆ ಎಂಟು ಎಎಂಸಿ7135 ಚಿಪ್ಪು. ಒಂದೊಂದೂ 350 ಮಿಲಿಆಂಪಿಯರ್ ಬಿಡುತ್ತದೆ, ಒಟ್ಟು 2.8 ಆಂಪಿಯರ್. ಈ ಚಿಪ್ಪು ಬಹಳ ಸರಳ ಜೀವಿ. ವೋಲ್ಟೇಜ್ ಏರಿಸುವ ತಾಕತ್ತು ಇದಕ್ಕಿಲ್ಲ. ಎಲ್‌ಇಡಿಗೆ ಬೇಕಾದ ವೋಲ್ಟೇಜಿಗಿಂತ ಒಂಚೂರು, ಅಂದರೆ 0.12 ವೋಲ್ಟಿನಷ್ಟು ಜಾಸ್ತಿ ಸಿಕ್ಕರೆ ಕರೆಂಟನ್ನು ಸ್ಥಿರವಾಗಿ ಇಡುತ್ತದೆ. ಅದೂ ಸಿಗದಿದ್ದರೆ ಕೈ ಚೆಲ್ಲುತ್ತದೆ, ಬೆಳಕು ಸೆಲ್ಲಿನ ಜೊತೆಗೇ ಇಳಿಯುತ್ತಾ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ನನ್ನ ಎಲ್‌ಇಡಿಗೆ 2.8 ಆಂಪಿಯರ್‌ನಲ್ಲಿ 3.35 ವೋಲ್ಟ್ ಬೇಕು (ಅಳೆದಿದ್ದೇನೆ). ಚಿಪ್ಪಿನದ್ದು ಸೇರಿಸಿ 3.47. ಸೆಲ್ ತುಂಬಿದಾಗ 4.2 ವೋಲ್ಟ್, ಆದರೆ ಅದರ ಆಯುಷ್ಯದ ಬಹುಪಾಲು ಕಳೆಯುವುದು 3.6, 3.7ರ ಆಸುಪಾಸಿನಲ್ಲಿ. ಅಂದರೆ ನಡುವಿನ ದಾರಿಯಲ್ಲಿ 0.2 ವೋಲ್ಟ್ ಹೋದರೂ ಅರ್ಧ ಸೆಲ್ ಹಾಗೇ ಉಳಿದಿರುವಾಗ ಟಾರ್ಚು ಮಂಕಾಗುತ್ತದೆ. ಅಪ್ಪಯ್ಯನ ಬುಡ್ಡಿ ದೀಪದ ಗುಟ್ಟು ಇದೇ ಇರಬೇಕು ಅನ್ನಿಸಿತು. ಆ ದಾರಿಯಲ್ಲಿ ಎಷ್ಟು ಹೋಗುತ್ತಿದೆ ಅಂತ ಅಳೆಯಬೇಕು.

ಮೇ 18

ಮಲ್ಟಿಮೀಟರ್‌ನ ಓಮ್ ರೇಂಜಿನಲ್ಲಿ (ಓಮ್ ಅಂದರೆ ಕರೆಂಟಿನ ದಾರಿಯ ತಡೆಯ ಅಳತೆ) ಅಳೆಯಲು ಹೋಗಿ ಎರಡು ಸಂಜೆ ಹಾಳು ಮಾಡಿದೆ. ಪ್ರೋಬುಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.3 ಓಮ್ ತೋರಿಸುತ್ತದೆ ಆ ಮೀಟರು, ಅದರಲ್ಲಿ ನೂರನೇ ಒಂದು ಓಮ್ ಹುಡುಕುವುದು ಭತ್ತದ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಹಿಂದಿನ ಮುಚ್ಚಳ ತೆಗೆದು ಮೀಟರನ್ನು ಆಂಪಿಯರ್ ರೇಂಜಿನಲ್ಲಿ ಸೇರಿಸಿದೆ, 2.1 ತೋರಿಸಿತು. ಇದೂ ಸುಳ್ಳೇ. ಮೀಟರಿನ ತೆಳ್ಳಗಿನ ವೈರುಗಳೇ ದಾರಿಯಲ್ಲಿ ಕೂತು ವೋಲ್ಟೇಜ್ ತಿನ್ನುತ್ತವೆ.

ಸರಿಯಾದ ಉಪಾಯ ಹಳೆಯದೇ. ಹಾಳಾದ ಲ್ಯಾಪ್‌ಟಾಪಿನ ಅಡಾಪ್ಟರ್‌ಗೆ ವೋಲ್ಟೇಜ್ ಇಳಿಸುವ ಒಂದು ಬಕ್ ಮಾಡ್ಯೂಲ್ ಸೇರಿಸಿ, ಕರೆಂಟನ್ನು ಸರಿಯಾಗಿ 1 ಆಂಪಿಯರ್‌ಗೆ ಕಟ್ಟಿ, ಟಾರ್ಚಿನ ಒಂದೊಂದು ತುಂಡಿನ ಮೂಲಕ ಹರಿಸಿದೆ. ಮೀಟರನ್ನು 200 ಮಿಲಿವೋಲ್ಟ್ ರೇಂಜಿಗಿಟ್ಟು ಆ ತುಂಡಿನ ಎರಡು ತುದಿಗೆ ಮುಟ್ಟಿಸುವುದು. 1 ಆಂಪಿಯರ್ ಆದ್ದರಿಂದ ಎಷ್ಟು ಮಿಲಿವೋಲ್ಟ್ ಬಂತೋ ಅಷ್ಟೇ ಮಿಲಿಓಮ್. ಗುಣಾಕಾರ ಭಾಗಾಕಾರ ಏನೂ ಬೇಡ.

ಬಂದದ್ದು ಹೀಗೆ: ಹಿಂದಿನ ಸ್ಪ್ರಿಂಗ್ 54, ಮುಂದಿನ ಸ್ಪ್ರಿಂಗ್ 48, ಕ್ಲಿಕ್ ಸ್ವಿಚ್ಚು 31, ಕೊಳವೆಯ (ಸೆಲ್ಲು ಕೂರುವ ಟಾರ್ಚಿನ ಮೈ, ಕರೆಂಟು ಹರಿಯುವುದು ಅದರ ಮೂಲಕವೂ) ಎರಡು ತುದಿಯ ಕೂಡುವ ಜಾಗ ಮತ್ತು ಥ್ರೆಡ್ಡು ಸೇರಿ 44, ಒಳಗಿನ ವೈರುಗಳು 5. ಒಟ್ಟು 182 ಮಿಲಿಓಮ್. ಇದಕ್ಕೆ 2.8 ಆಂಪಿಯರ್ ಹಾಕಿದರೆ ಅರ್ಧ ವೋಲ್ಟು! ಅಂದರೆ ಈ ಟಾರ್ಚು ಪೂರ್ತಿ ಬೆಳಗಲು ಸೆಲ್ಲು 3.98 ವೋಲ್ಟಿನ ಮೇಲೆ ಇರಬೇಕು. ಆ ಮಟ್ಟದಲ್ಲಿ ಯಾವ ಸೆಲ್ ಎಷ್ಟು ಹೊತ್ತು ನಿಂತೀತು?

ಮತ್ತೆ, ಕೊಳವೆಯದ್ದು ಎಷ್ಟು ಗೊತ್ತಾ? 0.0. ಮೀಟರಿಗೆ ಕಾಣಲೇ ಇಲ್ಲ.

ಮೇ 19

ಆ ಸೊನ್ನೆ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಟಾರ್ಚ್ ಹುಚ್ಚರು ಅತಿ ಹೆಚ್ಚು ಜಗಳ ಆಡುವುದು ಕೊಳವೆಯ ಲೋಹದ ಬಗ್ಗೆ. ತಾಮ್ರದ ಕೊಳವೆ ಶ್ರೇಷ್ಠವೋ, ಹಿತ್ತಾಳೆ ಸಾಕೋ, ಸ್ಟೀಲ್ ಕೆಟ್ಟದ್ದೋ ಅಂತ. ಇದೇ ಜಗಳವನ್ನು ಇನ್ನೂ ಜೋರಾಗಿ ಆಡುವವರು ಹೊರದೇಶದ ಇ-ಸಿಗರೇಟ್ ಮಂದಿ. ಲೋಹಗಳ ಬಗ್ಗೆ ಹುಡುಕಿದಾಗೆಲ್ಲ ಎದುರಾಗುವುದು ಅವರೇ. ನಮ್ಮಲ್ಲಿ ಅದು ಬಂದ್. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಯಿತು, 2019ರಲ್ಲಿ ದೇಶಕ್ಕೇ ಕಾನೂನು ಬಂತು, ಮತ್ತು ನನಗೆ ಹೊಗೆ ಬಿಡುವ ಆಸೆಯೂ ಇಲ್ಲ. ಆದರೆ ಬೋರ್ಡೇ ಇಲ್ಲದ ಅವರ ಸಾಧನದ ಹೊಟ್ಟೆ ನೋಡಿದರೆ ನಮ್ಮ ಟಾರ್ಚೇ: ಒಂದು ಕೊಳವೆ, ಒಂದು 18650, ತಳದಲ್ಲಿ ಒಂದು ಗುಂಡಿ, ತಲೆಯಲ್ಲಿ ಎಲ್‌ಇಡಿ ಬದಲು ಕರೆಂಟು ಹರಿದರೆ ಕಾಯುವ ಕಾಂತಾಲ್ ಅಥವಾ ನೈಕ್ರೋಮ್ ತಂತಿಯ ಸುರುಳಿ. ಸುರುಳಿ ಅರ್ಧ ಓಮ್ ಇದ್ದರೆ ತುಂಬಿದ ಸೆಲ್ಲಿನಿಂದ 8 ಆಂಪಿಯರ್ ಎಳೆಯುತ್ತದೆ. ಅಲ್ಲಿ ಒಂದು ಜಾಗದಲ್ಲಿ ಮಾತ್ರ ತಡೆ ಬೇಕು, ಉಳಿದ ಕಡೆ ಚೂರೂ ಬೇಡ. ಹಾಗಾಗಿ ಅವರಿಗೆ ಪ್ರತಿ ಮಿಲಿಓಮ್ ಉರಿಯುತ್ತದೆ. ಅವರು ಬರೆದದ್ದರಲ್ಲಿ ಸ್ಪ್ರಿಂಗು, ಗುಂಡಿ, ಥ್ರೆಡ್ಡಿನ ಬಗ್ಗೆ ಹೇಳಿದ್ದು ನನಗೆ ಕೆಲಸಕ್ಕೆ ಬಂತು. ಕೊಳವೆಯ ಬಗ್ಗೆ ಹೇಳಿದ್ದು ಹೆಚ್ಚಿನದು ಶೋಕಿ.

ಲೆಕ್ಕ ನೋಡಿ. ಯಾವ ಲೋಹ ಎಷ್ಟು ಚೆನ್ನಾಗಿ ಕರೆಂಟು ಬಿಡುತ್ತದೆ ಅನ್ನುವುದಕ್ಕೆ ತಾಮ್ರವನ್ನು 100 ಅಂತ ಹಿಡಿಯುವ ಅಳತೆ 1913ರಿಂದ ಇದೆ. ಅದರಲ್ಲಿ ಬೆಳ್ಳಿ 105ರ ಹತ್ತಿರ, ಚಿನ್ನ 70, ಟಾರ್ಚಿಗೆ ಬಳಸುವ 6061 ಅಲ್ಯೂಮಿನಿಯಂ 43, ಸಾಮಾನ್ಯ ಹಿತ್ತಾಳೆ 28, ನಿಕ್ಕಲ್ 25, ಫಾಸ್ಫರ್ ಬ್ರಾಂಝ್ 15, ಸ್ಪ್ರಿಂಗಿನ ಉಕ್ಕು 10ರ ಅಕ್ಕಪಕ್ಕ, 304 ಸ್ಟೇನ್‌ಲೆಸ್ ಸ್ಟೀಲ್ ಬರೀ ಎರಡೂವರೆ. ನನ್ನ ಕೊಳವೆ 100 ಮಿಲಿಮೀಟರ್ ಉದ್ದ, ಗೋಡೆ ಎರಡೂವರೆ ಮಿಲಿಮೀಟರ್ ದಪ್ಪ. ಅಷ್ಟು ಅಗಲದ ದಾರಿಯಲ್ಲಿ ಅಲ್ಯೂಮಿನಿಯಂ ಆದರೆ 0.024 ಮಿಲಿಓಮ್, ತಾಮ್ರ ಆದರೆ 0.01. ಸ್ಟೇನ್‌ಲೆಸ್ ಮಾಡಿದರೂ ಅರ್ಧ ಮಿಲಿಓಮ್ ದಾಟುವುದಿಲ್ಲ. ತಾಮ್ರ ಹಾಕಿ ಗಳಿಸಿದ್ದು ಏನೂ ಇಲ್ಲ, ತೂಕ ಮಾತ್ರ ಮೂರು ಪಟ್ಟು. ಅಪ್ಪಯ್ಯ ಅದನ್ನು ಒನಕೆ ಅಂತ ಕರೆಯುತ್ತಾರೆ.

ಈಗ ಸ್ಪ್ರಿಂಗು. 0.7 ಮಿಲಿಮೀಟರ್ ತಂತಿ, ಐದು ಸುತ್ತು, ಬಿಡಿಸಿದರೆ 110 ಮಿಲಿಮೀಟರ್ ಉದ್ದ. ದೊಡ್ಡ ಹೊಳೆಯನ್ನು ತಂದು ಪೈಪಿನೊಳಗೆ ತುರುಕಿದ ಹಾಗೆ. ಉಕ್ಕು ಆದರೆ ಲೆಕ್ಕಕ್ಕೆ 51 ಮಿಲಿಓಮ್ ಬರುತ್ತದೆ, ನಾನು ಅಳೆದ 54 ಮತ್ತು 48ಕ್ಕೆ ಹತ್ತಿರವೇ ಇದೆ. ಇದೇ ಅಳತೆ ಸ್ಟೇನ್‌ಲೆಸ್ ಆದರೆ 200 ದಾಟುತ್ತದೆ. ಫಾಸ್ಫರ್ ಬ್ರಾಂಝ್ 33. ಬೆರಿಲಿಯಂ ತಾಮ್ರ 22ರ ಸುತ್ತ.

ಯಾವ ಲೋಹ ಅನ್ನುವುದು ಮುಖ್ಯ ಆಗುವುದು ದಾರಿ ಕಿರಿದಾದ ಕಡೆ ಮಾತ್ರ ಅಂತ ಇವತ್ತು ಸರಿಯಾಗಿ ತಲೆಗೆ ಹೋಯಿತು.

ಬೆಳ್ಳಿಯ ಆಸೆ ಒಂದು ಕ್ಷಣ ಬಂದಿತ್ತು. ತಾಮ್ರಕ್ಕಿಂತ ನೂರಕ್ಕೆ ಐದು ಜಾಸ್ತಿ ಸಿಗುತ್ತದೆ ಅಂತ ಅಮ್ಮನ ಕುಂಕುಮ ಬಟ್ಟಲಿನ ಮೇಲೆ ಕಣ್ಣು ಹಾಕುವ ಧೈರ್ಯ ಬರಲಿಲ್ಲ. ಅದೂ ಅಲ್ಲದೆ ದೇವರ ಮನೆಯ ಬೆಳ್ಳಿ ಪ್ರತಿ ಹಬ್ಬಕ್ಕೂ ಕಪ್ಪಾಗಿ ಕೂತಿರುತ್ತದೆ, ಟಾರ್ಚಿನೊಳಗೆ ಯಾರು ತಿಕ್ಕುತ್ತಾರೆ?

ಮೇ 25

ಪೇಟೆಯ ರಿಪೇರಿ ಅಂಗಡಿಯಲ್ಲಿ ಫಾಸ್ಫರ್ ಬ್ರಾಂಝ್ ಸ್ಪ್ರಿಂಗ್ ಕೇಳಿದೆ. ಅಂಗಡಿಯವರು ಒಂದು ಡಬ್ಬ ಮುಂದಿಟ್ಟು "ಎಲ್ಲಾ ಬ್ರಾಂಝೇ, ಬಣ್ಣ ನೋಡಿ" ಅಂದರು. ಜೇಬಿನಲ್ಲಿ ಮ್ಯಾಗ್ನೆಟ್ ಇತ್ತು. ಡಬ್ಬದಲ್ಲಿದ್ದ ಅರ್ಧಕ್ಕರ್ಧ ಟಪ್ ಅಂತ ಹಾರಿ ಬಂದು ಕಚ್ಚಿಕೊಂಡವು, ಬಣ್ಣ ಮಾತ್ರ ಬಂಗಾರದ್ದು. ಅಂಟದೆ ಉಳಿದದ್ದರಲ್ಲಿ ನಾಲ್ಕು ಆರಿಸಿಕೊಂಡು ಬಂದೆ. ಅಳೆದರೆ 34 ಮಿಲಿಓಮ್. ಲೆಕ್ಕಕ್ಕೆ ಕೂತಿತು.

ಬೆರಿಲಿಯಂ ತಾಮ್ರದ್ದು ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಲಿಲ್ಲ. ನನ್ನ ಅಭ್ಯಾಸ ನನಗೇ ಗೊತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಅರ ಹಾಕಿ ಉಜ್ಜುತ್ತೇನೆ. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಕಾಯಿಲೆ. ಸ್ಪ್ರಿಂಗನ್ನು ಹಾಗೇ ಹಾಕಿ ಬಿಟ್ಟರೆ ತೊಂದರೆ ಇಲ್ಲ, ಕತ್ತರಿಸುವುದು ಉಜ್ಜುವುದು ಮಾತ್ರ ಬೇಡವೇ ಬೇಡ.

ಆದರೆ 54ರಿಂದ 34ಕ್ಕೆ ಇಳಿಸಿ ಸಮಾಧಾನ ಆಗಲಿಲ್ಲ. ಆಗ ಮಾಡಿದ್ದು ಟಾರ್ಚಿನವರ ಹಳೇ ಮದ್ದು: ಸ್ಪ್ರಿಂಗಿನ ನಡುವೆ ತಾಮ್ರದ ವೈರು. 20 ಗೇಜಿನ ಮೆತ್ತನೆಯ ಸಿಲಿಕಾನ್ ವೈರಿನ ಮೂರು ಸೆಂಟಿಮೀಟರ್ ತುಂಡು, ಒಂದು ತುದಿ ಸ್ಪ್ರಿಂಗಿನ ತಲೆಗೆ, ಇನ್ನೊಂದು ತುದಿ ಬೋರ್ಡಿಗೆ ಬೆಸುಗೆ. ವೈರಿನದ್ದು ಒಂದೇ ಒಂದು ಮಿಲಿಓಮ್. ಬೆಸುಗೆ, ಮುಟ್ಟುವ ಜಾಗ ಎಲ್ಲ ಸೇರಿ ಹಿಂದಿನದು 4, ಮುಂದಿನದು 3. 102 ಇದ್ದದ್ದು 7 ಆಯಿತು! ಖರ್ಚು ಚಹಾಕ್ಕಿಂತ ಕಡಿಮೆ.

ಸ್ಪ್ರಿಂಗಿಗೆ ಒತ್ತುವ ಕೆಲಸ, ವೈರಿಗೆ ಕರೆಂಟು ಹೊರುವ ಕೆಲಸ. ಎರಡನ್ನೂ ಒಂದೇ ಲೋಹದ ಕೈಯಲ್ಲಿ ಮಾಡಿಸಲು ಹೋಗಿಯೇ ನಾನು ಬೆರಿಲಿಯಂ ತನಕ ಓದಿದ್ದು.

ಒಂದು ಮಾತು, ಬೆಸುಗೆ ಕಡ್ಡಿಯನ್ನು ಸ್ಪ್ರಿಂಗಿನ ಮೇಲೆ ಜಾಸ್ತಿ ಹೊತ್ತು ಇಟ್ಟರೆ ಅದರ ಎಗರುವ ಗುಣ ಹೋಗುತ್ತದೆ. ಮೊದಲನೆಯದನ್ನು ಹಾಗೆ ಕೊಂದೆ. ಒತ್ತಿದರೆ ಒತ್ತಿದಲ್ಲೇ ಕೂತಿತು.

ಜೂನ್ 1

ಈ ವಾರ ಖುಷಿಯ ಕೆಲಸ. ಬಚ್ಚಲ ಮನೆಯ ಹಳೇ ತಾಮ್ರದ ಹಂಡೆ ತಳ ಸೋರುತ್ತದೆ ಅಂತ ಅಟ್ಟ ಸೇರಿ ಹತ್ತು ವರ್ಷ ಆಯಿತು. ಅದರ ಬಾಯಂಚಿನಿಂದ ಒಂದು ಬಿಲ್ಲೆ ಮತ್ತು ಒಂದು ಉಂಗುರ ಕತ್ತರಿಸಿದೆ. ಅಮ್ಮ ಅಡುಗೆ ಮನೆಯಿಂದಲೇ "ಎಂತ ಕತ್ತರಿಸ್ತಿದ್ಯಾ?" ಅಂದರು. "ಎಂತ ಇಲ್ಲ" ಅಂದೆ.

ಬಿಲ್ಲೆ ಹೋದದ್ದು ಎಲ್‌ಇಡಿಯ ಕೆಳಗೆ. ಇಲ್ಲಿ ಕರೆಂಟಲ್ಲ, ಬಿಸಿಯ ಮಾತು. ಎಲ್‌ಇಡಿ ಒಂಬತ್ತು ವ್ಯಾಟಿನ ಮೇಲೆ ತಿನ್ನುತ್ತದೆ, ಹೆಚ್ಚಿನ ಪಾಲು ಬಿಸಿಯಾಗಿ ಹೊರಗೆ ಹೋಗಬೇಕು. ಕಂಪನಿಯವರು ಬೋರ್ಡಿನ ಕೆಳಗೆ ತೆಳ್ಳಗಿನ ಅಲ್ಯೂಮಿನಿಯಂ ತಟ್ಟೆ ಇಟ್ಟು, ಅದರ ಹಿಂದೆ ಪೂರಾ ಪೊಳ್ಳು ಬಿಟ್ಟಿದ್ದರು. ತಾಮ್ರ ಬಿಸಿಯನ್ನು ಒಯ್ಯುವುದು 6061 ಅಲ್ಯೂಮಿನಿಯಂನ ಎರಡು ಪಟ್ಟಿಗಿಂತ ಜಾಸ್ತಿ, ಸ್ಟೇನ್‌ಲೆಸ್‌ನ ಇಪ್ಪತ್ತು ಪಟ್ಟಿಗಿಂತ ಜಾಸ್ತಿ. ಪೊಳ್ಳಿಗೆ ಬಿಲ್ಲೆ ತುಂಬಿ ನಡುವೆ ಥರ್ಮಲ್ ಪೇಸ್ಟ್ ಸವರಿದೆ. ಈಗ ಮೂರೇ ನಿಮಿಷಕ್ಕೆ ಹೊರಗಿನ ತಲೆ ಕೈಗೆ ಬೆಚ್ಚಗೆ ತಾಗುತ್ತದೆ. ಮುಂಚೆ ತಣ್ಣಗೇ ಇರುತ್ತಿತ್ತು, ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆ ನಾನು. ಒಳಗೆ ಬೇಯುತ್ತಿತ್ತು ಪಾಪ.

ಉಂಗುರವನ್ನು ಹಿಂದಿನ ಮುಚ್ಚಳದಲ್ಲಿ, ಅಲ್ಯೂಮಿನಿಯಂ ಕೊಳವೆಯ ಅಂಚು ಬಂದು ಕೂರುವ ಜಾಗದಲ್ಲಿ ಇಟ್ಟೆ. ಹಂಡೆ ಕಪ್ಪಗಿತ್ತು. ಅಮ್ಮ ತಾಮ್ರ ತಿಕ್ಕುವುದು ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ. ನಾನೂ ಹಾಗೇ ತಿಕ್ಕಿದೆ, ಹೊಸ ದುಡ್ಡಿನ ಹಾಗೆ ಹೊಳೆಯಿತು, ಬಟ್ಟೆಯಲ್ಲಿ ಒರೆಸಿ ಹಾಕಿದೆ. 44 ಇದ್ದ ಥ್ರೆಡ್ಡಿನ ತಡೆ 8ಕ್ಕೆ ಬಂತು.

ಒಟ್ಟು 182ರಿಂದ 51. ಅಪ್ಪಯ್ಯನಿಗೆ ಕೊಟ್ಟೆ. ಎರಡು ರಾತ್ರಿ ಮಾತಿಲ್ಲ, ಮೂರನೇ ಬೆಳಿಗ್ಗೆ "ಅಡ್ಡಿಲ್ಲ" ಅಂದರು. ನಮ್ಮ ಮನೆಯಲ್ಲಿ ಇದು ಪದಕ.

ಜೂನ್ 24

ಮಳೆ ಹಿಡಿದು ಎರಡು ವಾರ. ಟಾರ್ಚು ಮಿಣುಕುತ್ತಿದೆ.

ಮುಚ್ಚಳ ತಿರುಗಿಸಿದರೆ ಕಿರ್ ಅಂತ ಸದ್ದು. ಒಳಗೆ ಉಂಗುರದ ಮೇಲೆ ಹಸಿರು ಕಿಲುಬು, ಅದು ಕೂತಿದ್ದ ಅಲ್ಯೂಮಿನಿಯಂ ಅಂಚಿನಲ್ಲಿ ಬಿಳೀ ಹುಡಿ. ಅಳೆದರೆ ಆ ಒಂದು ಜಾಗವೇ 90 ಮಿಲಿಓಮ್. ಮೊದಲಿಗಿಂತ ಎರಡು ಪಟ್ಟು ಕೆಟ್ಟದ್ದು!

ತಪ್ಪು ಎರಡು, ಎರಡೂ ನನ್ನದೇ. ಹುಣಸೆ ಮತ್ತು ಉಪ್ಪು ತಾಮ್ರದ ಕಪ್ಪನ್ನು ತೆಗೆಯುತ್ತವೆ ನಿಜ, ಆದರೆ ಅಮ್ಮ ತಿಕ್ಕಿದ ಮೇಲೆ ಎರಡು ಕೊಡ ನೀರು ಸುರಿದು ಬಿಸಿಲಿಗೆ ಇಡುತ್ತಾರೆ. ನಾನು ಬರೀ ಬಟ್ಟೆಯಲ್ಲಿ ಒರೆಸಿದ್ದೆ. ಹುಳಿ ಮತ್ತು ಉಪ್ಪು ಸಂದಿಯಲ್ಲೇ ಉಳಿದವು. ಎರಡನೆಯದು ಇನ್ನೂ ದೊಡ್ಡದು: ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ಒತ್ತಿ ಕೂತು ನಡುವೆ ಉಪ್ಪಿನ ತೇವ ಸಿಕ್ಕರೆ ಅದೇ ಒಂದು ಪುಟ್ಟ ಬ್ಯಾಟರಿ. ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ಟಾರ್ಚಿಗೆ ಬ್ಯಾಟರಿ ಹಾಕುವ ಬದಲು ಟಾರ್ಚನ್ನೇ ಬ್ಯಾಟರಿ ಮಾಡಿದ್ದೆ ನಾನು. ಬೇಸಿಗೆಯಲ್ಲಿ ಅಳೆದ 8 ಮಿಲಿಓಮ್ ಮಲೆನಾಡಿನ ಆಷಾಢದಲ್ಲಿ ನಿಲ್ಲಬೇಕಲ್ಲ. ಎರಡು ಲೋಹ ಬೇರೆಬೇರೆ ಒಳ್ಳೆಯವು ಅಂತ ಜೋಡಿಯೂ ಒಳ್ಳೆಯದಾಗಬೇಕು ಅಂತಿಲ್ಲ, ಜಾತಕ ನೋಡಬೇಕಿತ್ತು.

ಉಂಗುರಕ್ಕೆ ಕಲಾಯಿ ಹಾಕಿ ನೋಡಿದೆ, ಅಂದರೆ ಮೇಲೆ ಪೂರ್ತಿ ಸೋಲ್ಡರ್ ಹರಿಸಿದೆ. ತವರ ಅಲ್ಯೂಮಿನಿಯಂಗೆ ತಾಮ್ರದಷ್ಟು ವೈರಿಯಲ್ಲ. ತಡೆ 7ಕ್ಕೆ ಇಳಿಯಿತು. ಆದರೆ ಸೋಲ್ಡರ್ ಮೆತ್ತಗಿನ ವಸ್ತು. ಮುಚ್ಚಳ ಬಿಗಿ ಮಾಡಿದಷ್ಟೂ ತಗ್ಗಾಗುತ್ತಾ ಹೋಗಿ ಮೂರೇ ದಿನಕ್ಕೆ ಸಡಿಲ.

ಜುಲೈ 2

ಉಂಗುರವನ್ನು ತೆಗೆದುಬಿಟ್ಟೆ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ, ಮೊದಲಿದ್ದ ಹಾಗೆ.

ಹಾಗಾದರೆ ಮೊದಲು 44 ಯಾಕೆ ಇತ್ತು? ಈ ಸಲ ಭೂತಗನ್ನಡಿ ಹಿಡಿದು ನೋಡಿದೆ. ಕೊಳವೆಯ ಕಪ್ಪು ಬಣ್ಣ ಬಣ್ಣವಲ್ಲ, ಆನೊಡೈಸಿಂಗ್. ಅಂದರೆ ಅಲ್ಯೂಮಿನಿಯಂನದ್ದೇ ಆಕ್ಸೈಡನ್ನು ದಪ್ಪಗೆ ಬೆಳೆಸಿದ್ದು, ಕರೆಂಟಿಗೆ ಗೋಡೆ. ಕರೆಂಟು ದಾಟಬೇಕಾದದ್ದು ಬರಿಯ ಅಂಚಿನಿಂದ, ಆ ಅಂಚನ್ನು ಕಂಪನಿಯವರು ಅರ್ಧಂಬರ್ಧ ಕೆರೆದು ಬಿಟ್ಟಿದ್ದರು. ಮೂರು ವರ್ಷದ ಕೊಳೆ ಬೇರೆ. ಗಾಜಿನ ತುಂಡಿನ ಮೇಲೆ 1000 ನಂಬರಿನ ಎಮರಿ ಪೇಪರ್ ಹಾಸಿ, ಕೊಳವೆಯನ್ನು ನೆಟ್ಟಗೆ ಹಿಡಿದು ಅಂಚನ್ನು ಸಪಾಟು ಮಾಡಿದೆ. ಮುಚ್ಚಳದ ಒಳಗಿನ ಬಳೆಯನ್ನೂ ಹಾಗೇ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ತಕ್ಷಣ ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿದೆ.

ಗ್ರೀಸು ಕರೆಂಟು ಬಿಡುವುದಿಲ್ಲ ಅಲ್ವಾ ಅಂತ ನನಗೂ ಅನುಮಾನ ಇತ್ತು. ಬಿಡುವುದಿಲ್ಲ ನಿಜ. ಆದರೆ ಬಿಗಿ ಮಾಡಿದಾಗ ಲೋಹದ ಉಬ್ಬುಗಳು ಗ್ರೀಸನ್ನು ಪಕ್ಕಕ್ಕೆ ತಳ್ಳಿ ಒಂದನ್ನೊಂದು ಮುಟ್ಟುತ್ತವೆ. ಉಳಿದ ಗ್ರೀಸು ಸುತ್ತಲೂ ನಿಂತು ಗಾಳಿ ನೀರನ್ನು ತಡೆಯುತ್ತದೆ. ಅಲ್ಯೂಮಿನಿಯಂಗೆ ಇದು ಬೇಕೇ ಬೇಕು, ಕೆರೆದ ಮೇಲೆ ಗಾಳಿಗೆ ಬಿಟ್ಟರೆ ಕೂಡಲೇ ಹೊಸ ಪೊರೆ ಕಟ್ಟುತ್ತದೆ. ಅಳತೆ: 6 ಮಿಲಿಓಮ್. ಹಂಡೆಯ ತಾಮ್ರಕ್ಕಿಂತ ಚೆನ್ನಾಗಿ.

ಬಿಲ್ಲೆಯನ್ನು ಮಾತ್ರ ಬಿಡಲಿಲ್ಲ. ಅದು ತಲೆಯೊಳಗೆ ಓ ರಿಂಗಿನ (ನೀರು ತಡೆಯುವ ರಬ್ಬರ್ ಬಳೆ) ಹಿಂದೆ ಒಣಗಿರುವ ಜಾಗದಲ್ಲಿದೆ, ಪೇಸ್ಟಿನಲ್ಲಿ ಹೂತುಹೋಗಿದೆ. ಬಿಚ್ಚಿ ನೋಡಿದೆ, ಹಾಕಿದ ಹಾಗೇ ಇತ್ತು.

ಜುಲೈ 13

ಅಪ್ಪಯ್ಯ ಟಾರ್ಚನ್ನು ಹಳ್ಳದ ಸಂಕದ ಮೇಲೆ ಬೀಳಿಸಿದರು. ಬೆಳಕು ಹೋಗಿಲ್ಲ, ಆದರೆ ಮತ್ತೆ ಸ್ವಲ್ಪ ಮಂಕು. ಹಿಂದಿನ ಸ್ಪ್ರಿಂಗಿನ ತಾಮ್ರದ ವೈರು ಬೆಸುಗೆಯ ಅಂಚಿನಲ್ಲೇ ತುಂಡಾಗಿತ್ತು. ಬೆಸುಗೆ ಹಾಕುವಾಗ ಸೋಲ್ಡರು ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಹೋಗುತ್ತದೆ. ಅಷ್ಟು ಭಾಗ ಕಡ್ಡಿಯ ಹಾಗೆ ಗಟ್ಟಿ, ಅದರಾಚೆ ಮೆತ್ತಗೆ. ಸೆಲ್ಲು ಹಾಕಿ ತೆಗೆದಾಗೆಲ್ಲ ಬಾಗುವುದು ಆ ಗಡಿಯಲ್ಲೇ. ಅಲ್ಲೇ ಸವೆದು ಮುರಿದಿದೆ, ಬಿದ್ದದ್ದು ನೆಪ.

ಇಲ್ಲಿ ಫಾಸ್ಫರ್ ಬ್ರಾಂಝ್ ಮಾನ ಉಳಿಸಿತು. ವೈರು ಹೋದರೂ ಸ್ಪ್ರಿಂಗೇ 34 ಮಿಲಿಓಮಿನಲ್ಲಿ ಕರೆಂಟು ಹೊತ್ತು ಅಪ್ಪಯ್ಯನನ್ನು ಮನೆ ಮುಟ್ಟಿಸಿದೆ. ಹಳೇ ಉಕ್ಕಿನದ್ದಾದರೆ 54. ಹೊಸ ವೈರನ್ನು ಸ್ವಲ್ಪ ಉದ್ದ ಬಿಟ್ಟು, ಒಳಗೆ ಒಂದು ಸುತ್ತು ಬರುವ ಹಾಗೆ ಹಾಕಿದೆ. ಬೆಸುಗೆ ಹಾಕುವಾಗ ವೈರನ್ನು ಇಕ್ಕಳದಲ್ಲಿ ಹಿಡಿದಿದ್ದೆ, ಇಕ್ಕಳ ಬಿಸಿ ಎಳೆದುಕೊಳ್ಳುವುದರಿಂದ ಸೋಲ್ಡರು ಅದರಾಚೆ ಏರುವುದಿಲ್ಲ.

ಇದೇ ವಾರ ಇನ್ನೊಂದು ಮೋಸ ಬಯಲಾಯಿತು. ಬೋರ್ಡಿನ ತುದಿಗೆ ಹಾಕಲು "ಶುದ್ಧ ನಿಕ್ಕಲ್" ಪಟ್ಟಿ ತರಿಸಿದ್ದೆ. ನಿಕ್ಕಲ್ಲೂ ಮ್ಯಾಗ್ನೆಟ್ಟಿಗೆ ಅಂಟುತ್ತದೆ, ಉಕ್ಕೂ ಅಂಟುತ್ತದೆ, ಹಾಗಾಗಿ ಇಲ್ಲಿ ಮ್ಯಾಗ್ನೆಟ್ ಉಪಾಯ ನಡೆಯುವುದಿಲ್ಲ. ಮೇಲೆ ಗೀರಿ ಉಪ್ಪುನೀರಿನಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಗೀರಿದ ಕಡೆಯೆಲ್ಲ ಕೆಂಪು ತುಕ್ಕು, ಲೋಟದ ನೀರು ಕಷಾಯದ ಬಣ್ಣ. ನಿಕ್ಕಲ್ ಲೇಪಿಸಿದ ಉಕ್ಕು. ನಿಜವಾದ ನಿಕ್ಕಲ್ ಹಾಗೆ ತುಕ್ಕು ಹಿಡಿಯುವುದಿಲ್ಲ. ಬ್ಯಾಟರಿ ಪ್ಯಾಕ್ ಕಟ್ಟುವವರು ಇದನ್ನೊಮ್ಮೆ ಮಾಡಿ ನೋಡಿ, ಐದು ರೂಪಾಯಿ ಉಪ್ಪು ಸಾಕು. ನನ್ನ ಕೆಲಸಕ್ಕೆ ಕೊನೆಗೆ ಹಳೇ ಪ್ಲಗ್ಗಿನ ಹಿತ್ತಾಳೆ ಕಾಲಿನಿಂದ ಒಂದು ಗುಬಟು ಮಾಡಿಕೊಂಡೆ. ಅಷ್ಟು ದಪ್ಪ ಇರುವ ಕಡೆ 28 ಆದರೇನು, 100 ಆದರೇನು.

ಜುಲೈ 27

ಉಳಿದದ್ದು ಸ್ವಿಚ್ಚು, ಆ 31 ಮಿಲಿಓಮ್. ಬಿಚ್ಚಿದರೆ ಒಳಗಿನ ಚಿಕ್ಕ ತಟ್ಟೆಯ ಬೆಳ್ಳಿ ಲೇಪ ಕಿಡಿ ಹಾರಿ ಹಾರಿ ಕಪ್ಪಾಗಿ ಕೆಳಗಿನ ಹಿತ್ತಾಳೆ ಕಾಣುತ್ತಿತ್ತು. ಉಜ್ಜಿದರೆ ಇರುವ ಬೆಳ್ಳಿಯೂ ಹೋಗುತ್ತದೆ. ಹೊಸದು ಹಾಕಿದೆ, 12. ಒಟ್ಟು ಈಗ 30 ಮಿಲಿಓಮ್. 2.8 ಆಂಪಿಯರ್‌ನಲ್ಲಿ 0.08 ವೋಲ್ಟು. ಸೆಲ್ಲು 3.55ಕ್ಕೆ ಇಳಿಯುವ ತನಕ ಪೂರ್ತಿ ಬೆಳಕು ಬರಬೇಕು. ರಾತ್ರಿ ಜಗಲಿಯಲ್ಲಿಟ್ಟು, ಟೇಬಲ್ ಫ್ಯಾನ್ ಗಾಳಿ ಹಾಯಿಸಿ ನೋಡಿದೆ. ನಲವತ್ತು ನಿಮಿಷ ಕರೆಂಟು ಕದಲಲಿಲ್ಲ, ಆಮೇಲೆ ನಿಧಾನಕ್ಕೆ ಇಳಿಯಿತು.

ಅಪ್ಪಯ್ಯನ ಹೊಸ ದೂರು: ಮುಂಚೆ ಮಂಕಾದಾಗ ಚಾರ್ಜಿಗೆ ಹಾಕಬೇಕು ಅಂತ ಗೊತ್ತಾಗುತ್ತಿತ್ತಂತೆ, ಈಗ ಕೊನೆಯ ತನಕ ಗೊತ್ತೇ ಆಗುವುದಿಲ್ಲವಂತೆ. ಅದೂ ಸರಿಯೇ. ಬೋರ್ಡಿಗೆ ಸೆಲ್ ಇಳಿದಾಗ ಮಿಣುಕುವ ಹಾಗೆ ಏನಾದರೂ ಸೇರಿಸಬೇಕು. ಅದು ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ತಿಂಗಳಿಗೊಮ್ಮೆ ಆ ಥ್ರೆಡ್ಡಿನ 6 ಮಿಲಿಓಮ್ ಅಳೆದು ಇಲ್ಲೇ ಬರೆಯುತ್ತೇನೆ, ಮಳೆ ಇನ್ನೂ ಎರಡು ತಿಂಗಳಿದೆ.